ವಾಪಸ್ ಹೋಗ್ಬಿಡ್ಲಾ ಅಂತ ಕೇಳಿದ್ರಲ್ಲ, ಅದಕ್ಕೆ

ಬ್ರದರ್, ನೀವು ಬರ್ದಿದ್ದು ಓದ್ದೆ. ತಿಪಟೂರು ಕಡೆಯೋರು, ಇಂಗ್ಲೆಂಡ್‌ನ ಲೆಸ್ಟರ್‌ಗೆ ಬಂದು ಇನ್ನೂ ಒಂದು ಚಳಿಗಾಲ ಮುಗ್ದಿಲ್ಲ, ಬರೋ ಖರ್ಚಿಗೆ ತೆಂಗಿನ ತೋಟದಲ್ಲಿ ಒಂದು ಭಾಗ ಮಾರಿದ್ದಕ್ಕೆ ಅಪ್ಪನ ಜೊತೆ ಜಗಳ ಆಗಿ ಮಾತೇ ನಿಂತೋಗಿದೆ, ಕೆಲ್ಸ ಸಂಬಳ ಎಲ್ಲ ಸರಿ ಇದ್ರೂ ರಾತ್ರಿ ಆದ್ರೆ ಅದೇ ತಲೇಲಿ ಸುತ್ತತ್ತೆ, ಇದು ಎಷ್ಟು ವರ್ಷಕ್ಕೆ ಹೋಗತ್ತೆ, ಇಲ್ಲಾ ವಾಪಸ್ ಹೋಗ್ಬಿಡ್ಲಾ ಅಂತ ಕೇಳಿದೀರ.

ವರ್ಷ ಕಳೆದಂಗೆ ತಾನಾಗೇ ಹೋಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಐಎಲ್‌ಆರ್, ಅಂದ್ರೆ ಇಲ್ಲಿ ಕಾಯಂ ಆಗಿ ಇರೋ ಅನುಮತಿ ಬರ್ಲಿ, ಮನೆ ತಗೊಳ್ಳೋಣ, ಆಮೇಲೆ ನೆಮ್ಮದಿಯಾಗಿರೋಣ ಅಂತ ಇಲ್ಲಿ ಎಲ್ರೂ ಮುಂದಕ್ಕೆ ಹಾಕ್ತಾನೇ ಇರ್ತಾರೆ. ಎಲ್ಲಾ ಕೈಗೆ ಬಂದ ದಿನಾನೂ ಹಳೇದು ಹಂಗೇ ಇರತ್ತೆ.

ನನ್ನ ವಿಷಯ ಹೇಳ್ತೀನಿ. ಹಾಸನದ ಹತ್ರ ನಮ್ಮೂರು. 2020ರ ಏಪ್ರಿಲ್‌ನಲ್ಲಿ ಅಪ್ಪ ತೀರ್ಕೊಂಡ್ರು. ಕೊರೋನಾ ಅಂತ ಮಾರ್ಚ್‌ನಲ್ಲೇ ಇಂಡಿಯಾಗೆ ವಿಮಾನ ಬಂದ್ ಆಗಿತ್ತು, ಮೇನಲ್ಲಿ ಸರ್ಕಾರದ ವಂದೇ ಭಾರತ್ ವಿಮಾನ ಶುರುವಾಗೋವರೆಗೂ ಕೈಯಲ್ಲಿ ದುಡ್ಡಿದ್ರೂ ಹೋಗೋಕೆ ದಾರಿ ಇರ್ಲಿಲ್ಲ. ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟ, ನಾನು ಲಂಡನ್ನಿನ ಕ್ರಾಯ್ಡನ್‌ನಲ್ಲಿ ಕೂತು ಮೊಬೈಲಲ್ಲಿ ನೋಡ್ದೆ, ಅದೂ ನೆಟ್‌ವರ್ಕ್ ಸಿಗ್ದೆ ನಿಂತ್ ನಿಂತ್ ಬರ್ತಿತ್ತು. ಆಮೇಲೆ ಬಹಳ ಕಾಲ ಒಂದೇ ಯೋಚ್ನೆ, ಊರಲ್ಲೇ ಇದ್ದಿದ್ರೆ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತಿದ್ನಲ್ಲ, ಹಿಂದಿನ ವರ್ಷವೇ ಹೊರಟು ಹೋಗ್ಬೋದಿತ್ತಲ್ಲ ಅಂತ.

ನಮ್ಮ ಕಡೆ ಪಿತೃಪಕ್ಷದಲ್ಲಿ ಎಡೆ ಇಡ್ತೀವಿ. ಊರಲ್ಲಿ ಅಮ್ಮ ಇಡ್ತಾರಲ್ಲ ಅಂತ ನಾವು ಇಲ್ಲಿ ಇಡ್ತಿರ್ಲಿಲ್ಲ, ಒಂದು ವರ್ಷ ಹೆಂಡ್ತಿನೇ ಇಲ್ಲೇ ಇಡೋಣ ಅಂದ್ಲು. ಟೂಟಿಂಗ್‌ನಲ್ಲಿ ತಮಿಳ್ರ ಅಂಗಡೀಲಿ ಬಾಳೆ ಎಲೆ ಸಿಕ್ತು. ಮುದ್ದೆ, ಕೋಳಿ ಸಾರು, ವಡೆ, ಎಲೆ ಅಡಿಕೆ ಎಲ್ಲ ಇಟ್ವಿ. ಧೂಪ ಹಾಕಿದ್ರೆ ಸ್ಮೋಕ್ ಅಲಾರಂ ಹೊಡ್ಕೊಳತ್ತೆ ಅಂತ ಕಿಟಕಿಗಳೆಲ್ಲ ತೆಗೆದಿಟ್ಟು, ಆ ಗಾಳಿಗೆ ದೀಪ ಆರ್ಬಾರ್ದು ಅಂತ ಮಗಳು ಕೈ ಅಡ್ಡ ಹಿಡ್ಕೊಂಡು ನಿಂತಿದ್ಲು. ವಿಡಿಯೋ ಕಾಲಲ್ಲಿದ್ದ ಅಮ್ಮ ಇದನ್ನೆಲ್ಲ ನೋಡ್ತಾ ನೋಡ್ತಾ ಹೇಳಿದ್ರು, ಮಗ ಬರೋಕಾಗಲ್ಲ ಅಂತ ನಿಮ್ಮಪ್ಪಂಗೆ ಗೊತ್ತಿತ್ತು ಕಣಪ್ಪ, ಪಾಪ ಅವನು ಅಲ್ಲಿ ಒಬ್ನೇ ಏನ್ ಸಂಕಟ ಪಡ್ತಾನೋ ಅಂತಿದ್ರು ಅಂತ. ಅಪ್ಪನ ಮನಸ್ಸಲ್ಲಿ ಇಲ್ಲದ ದೂರನ್ನ ನಾನೇ ಕಟ್ಕೊಂಡು ತಿರುಗ್ತಿದ್ದೆ ಅಂತ ಗೊತ್ತಾಗಿದ್ದು ಆವತ್ತು. ಈಗ್ಲೂ ನೆನಪಾದ್ರೆ ಅಳು ಬರತ್ತೆ, ಆದ್ರೆ ನನ್ನನ್ನ ನಾನೇ ಬೈಕೊಳ್ಳೋದು ನಿಂತಿದೆ, ನೆಮ್ಮದಿ ಅಂತ ನಾನು ಕಂಡಿರೋದು ಇಷ್ಟೇ, ಇದು ಸಣ್ಣದಲ್ಲ.

ನಿಮ್ಮಪ್ಪ ಇದಾರೆ. ಫೋನ್ ಮಾಡಿ. ಸಂಜೆ ಆರಕ್ಕೆ ರೂಮಿಗೆ ಬಂದು ಮಾಡಿದ್ರೆ ಈಗ ಅಲ್ಲಿ ರಾತ್ರಿ ಹನ್ನೊಂದೂವರೆ, ಮಲಗಿರ್ತಾರೆ. ಲಂಚ್ ಬ್ರೇಕಲ್ಲಿ 1 ಗಂಟೆಗೆ ಮಾಡಿ, ಅಲ್ಲಿ ಆರೂವರೆ, ತೋಟದಿಂದ ಬಂದು ಕಾಫಿ ಕುಡಿಯೋ ಹೊತ್ತು. ಮೊದಲ್ನೇ ದಿನವೇ ಜಗಳದ ಸುದ್ದಿ ಎತ್ಬೇಡಿ. ಕೊಬ್ಬರಿ ರೇಟ್ ಎಷ್ಟಿದೆ, ಬೋರಲ್ಲಿ ನೀರು ಹೆಂಗಿದೆ, ತೆಂಗಿಗೆ ಕಪ್ಪು ತಲೆ ಹುಳ ಏನಾದ್ರೂ ಬಿದ್ದಿದ್ಯಾ ಅಂತ ಕೇಳಿ. ಕೈಯಾರೆ ನೀರು ಹಾಕಿ ಬೆಳೆಸಿದ ಮರ ಬೇರೆಯೋರ ಪಾಲಾಯ್ತು ಅನ್ನೋದು ಅವ್ರಿಗೆ ದುಡ್ಡಿಗಿಂತ ದೊಡ್ಡ ನೋವು, ಉಳಿದಿರೋ ತೋಟನ ಮಗ ವಿಚಾರಿಸ್ತಾನೆ ಅಂದ್ರೆ ಖಂಡಿತ ಬಾಯಿ ಬಿಡ್ತಾರೆ. ಅಮ್ಮನ ಕೈಲಿ, ಸೋದರಮಾವನ ಕೈಲಿ ಹೇಳಿ ಕಳಿಸ್ಬೇಡಿ, ಹಂಗೆ ಮಾಡಿದ್ರೆ ಪಂಚಾಯ್ತಿ ಆಗತ್ತೆ.

ಇನ್ನೊಂದು, ಇಲ್ಲಿನ ಕತ್ತಲನ್ನ ಹಗುರವಾಗಿ ತಗೋಬೇಡಿ. ಡಿಸೆಂಬರಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಇರಲ್ಲ, ಹೊಸಬ್ರಿಗೆ ಹಳೇ ನೋವೆಲ್ಲ ಆಗಲೇ ಜಾಸ್ತಿ ಕಾಡೋದು. ಮಧ್ಯಾಹ್ನ ಬೆಳಕಿದ್ದಾಗ ಸ್ವಲ್ಪ ನಡೀರಿ. ನಿದ್ದೆ ವಾರಗಟ್ಲೆ ಕೆಟ್ಟಿದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪೀಸ್‌ಗೆ, ಅಂದ್ರೆ ಮನಸ್ಸಿನ ಕಷ್ಟಕ್ಕೆ ಮಾತಾಡಿಸಿ ಕೊಡೋ ಚಿಕಿತ್ಸೆಗೆ, ನೀವೇ ನೇರವಾಗಿ ಹೆಸ್ರು ಕೊಡ್ಬೋದು, ಜಿಪಿ (ಏರಿಯಾ ಡಾಕ್ಟರ್) ಚೀಟಿ ಬೇಕಿಲ್ಲ, ದುಡ್ಡಿಲ್ಲ, ಇದ್ರಲ್ಲಿ ನಾಚ್ಕೆ ಪಡೋದೇನೂ ಇಲ್ಲ.

ವಾಪಸ್ ಹೋಗೋದನ್ನ ಈ ಚಳಿಯಲ್ಲಿ ಕೂತು ತೀರ್ಮಾನ ಮಾಡ್ಬೇಡಿ. ಮಾರ್ಚ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗತ್ತೆ, ಸಂಜೆಗೆ ಬೆಳಕು ಬರತ್ತೆ, ಅಷ್ಟ್ರಲ್ಲಿ ಅಪ್ಪನ ಜೊತೆ ಮಾತೂ ಶುರುವಾಗಿದ್ರೆ ಆಗ ಯೋಚ್ನೆ ಮಾಡಿ. ಆಗ್ಲೂ ಊರೇ ಬೇಕು ಅನ್ಸಿದ್ರೆ ಧೈರ್ಯವಾಗಿ ಹೊರಡಿ, ಯಾರೇನಂದ್ರೂ ಕಿವಿಗೆ ಹಾಕ್ಕೋಬೇಡಿ. ಅಪ್ಪ ಮೊದಲ್ನೇ ಸಲ ಫೋನ್ ಎತ್ತದೇ ಇರ್ಬೋದು, ಮಾರನೇ ದಿನ ಅದೇ ಟೈಮಿಗೆ ಮತ್ತೆ ಮಾಡಿ. ಎತ್ತಿದ್ರೆ ನಂಗೂ ಒಂದು ಮಾತು ತಿಳಿಸಿ.