ಥಂಡಿ ದಿನದ ಬಯಲು ಮತ್ತು 120 ಫಿಲ್ಮ್: ಓದುಗರು ಕೇಳಿದ್ದು

120 ಎಂಬ ಅಗಲದ ರೋಲ್ ಫಿಲ್ಮ್ ಹಾಕುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ಚಳಿಗಾಲದ ನಿಸರ್ಗಚಿತ್ರ ತೆಗೆಯುವ ಬಗ್ಗೆ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ.

ಅಷ್ಟೂರಿನ ಗುಮ್ಮಟಗಳನ್ನು ಮಂಜಿನಲ್ಲಿ ತೆಗೆಯಲು ಎರಡು ರೋಲ್ ಎಚ್‌ಪಿ5 (400ರ ವೇಗದ ಕಪ್ಪು-ಬಿಳುಪು ಫಿಲ್ಮ್) ಖರ್ಚು ಮಾಡಿದೆ. ಕ್ಯಾಮೆರಾ ಯಾಶಿಕಾ ಮ್ಯಾಟ್ 124ಜಿ. ಬೆಳಕು ಅಳೆಯುವ ಮೀಟರಿನ ಮುಳ್ಳು ತೋರಿಸಿದಂತೆಯೇ ಇಟ್ಟೆ. ಮಂಜು ಸೀಳಲಿ ಅಂತ ಕಿತ್ತಳೆ ಫಿಲ್ಟರ್ ಹಾಕಿದ್ದೆ. ನೆಗೆಟಿವ್ ತೀರ ತೆಳ್ಳಗೆ, ಪ್ರಿಂಟ್ ಬೂದಿ ಬಳಿದಂತೆ ಬಂದಿದೆ. ತಪ್ಪೆಲ್ಲಿ?
– ಬೀದರ್‌ನ ಓದುಗರು

ತಪ್ಪು ಒಂದಲ್ಲ, ಮೂರು. ಮೂರೂ ಒಂದೇ ದಿಕ್ಕಿಗೆ ಎಳೆದಿವೆ.

ಮೊದಲು ಫಿಲ್ಟರ್. ಈ ಕ್ಯಾಮೆರಾದ ಮೀಟರ್ ಲೆನ್ಸಿನ ಮೂಲಕ ಬೆಳಕು ಅಳೆಯುವುದಿಲ್ಲ. ಅದರ ಕಣ್ಣು ಮುಂಭಾಗದಲ್ಲಿ ಬೇರೆಯೇ ಇದೆ, ಲೆನ್ಸಿಗೆ ಏನು ತೊಡಿಸಿದರೂ ಅದಕ್ಕೆ ತಿಳಿಯದು. ಕಿತ್ತಳೆ ಫಿಲ್ಟರ್ ಸುಮಾರು ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಹಳದಿ ಒಂದು, ಕೆಂಪು ಮೂರು (ಒಂದು ಸ್ಟಾಪ್ ಕಡಿಮೆ ಎಂದರೆ ಬೆಳಕು ಅರ್ಧ, ಹೆಚ್ಚು ಎಂದರೆ ಎರಡರಷ್ಟು). ಅದನ್ನು ಕೈಯಾರೆ ಕೂಡಿಸಬೇಕು.

ಎರಡನೆಯದು ಮಂಜು. ಎದುರಿಗೆ ಏನೇ ಇರಲಿ, ಮೀಟರ್ ಅದನ್ನು ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಬೆಳ್ಳನೆಯ ಮಂಜನ್ನೂ ಬೂದಿ ಮಾಡಿಬಿಡುತ್ತದೆ. ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಕೊಡಿ. ಮಂಜಿನ ಹಿಂದೆ ಸೂರ್ಯ ಬಂದು ಬಯಲೆಲ್ಲ ಬೆಳಗುತ್ತಿದ್ದರೆ ಒಂದೂವರೆ.

ಮೂರನೆಯದು ಬ್ಯಾಟರಿ. ಆ ಮೀಟರನ್ನು 1.35 ವೋಲ್ಟಿನ ಪಿಎಕ್ಸ್ 625 ಪಾದರಸದ ಸೆಲ್ಲಿಗೆಂದು ಮಾಡಿದ್ದರು. ಅದು ಈಗ ಸಿಗುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನ ಅಲ್ಕಲೈನ್ ಸೆಲ್ ಹಾಕಿದರೆ ಮುಳ್ಳು ಬೆಳಕನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಫಿಲ್ಮಿಗೆ ಕಡಿಮೆ ಬೀಳುತ್ತದೆ. ಕಿವಿಯ ಮಷೀನಿಗೆ ಹಾಕುವ 675 ಸೆಲ್ 1.4 ವೋಲ್ಟಿನದು. ಅದರ ಸುತ್ತ ಸಣ್ಣ ರಬ್ಬರ್ ರಿಂಗ್ ತೊಡಿಸಿ ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ.

ಇನ್ನು ಮಂಜು ಸೀಳುವ ಮಾತು. ಮಧ್ಯಾಹ್ನ ದೂರದ ಗುಡ್ಡದ ಮೇಲೆ ನೀಲಿಯಾಗಿ ಕೂತಿರುತ್ತದಲ್ಲ, ಆ ಮಸುಕಿನ ಕಣ ಬಲು ಸಣ್ಣದು. ಅದು ಚದುರಿಸುವುದು ಹೆಚ್ಚಾಗಿ ನೀಲಿ ಬೆಳಕನ್ನು, ಹಾಗಾಗಿ ಕಿತ್ತಳೆ ಫಿಲ್ಟರ್ ಅದನ್ನು ತಡೆಯುತ್ತದೆ. ಮಂಜಿನ ಹನಿ ಅದಕ್ಕಿಂತ ಎಷ್ಟೋ ದೊಡ್ಡದು, ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸುತ್ತದೆ. ಅಲ್ಲಿ ಯಾವ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ಫಿಲ್ಟರನ್ನು ಜೇಬಿನಲ್ಲಿಟ್ಟುಕೊಂಡು ಬಿಸಿಲೇರಿದ ಮೇಲೆ ಬೀದರ್ ಕೋಟೆಗೆ ಹೋಗಿ. ನೀಲಿ ಆಕಾಶ ಗಾಢವಾಗಿ, ಕೆಂಪು ಜಂಬಿಟ್ಟಿಗೆಯ ಗೋಡೆ ತಿಳಿಯಾಗಿ ಬರುತ್ತದೆ. ಕೆಂಪು ಫಿಲ್ಟರ್ ಮಾತ್ರ ಬೇಡ, ಕಲ್ಲಿಗೆ ಸುಣ್ಣ ಹೊಡೆದಂತಾಗುತ್ತದೆ.

ಮಂಜಿನ ರೋಲಿನಲ್ಲಿ ಕಪ್ಪು-ಬಿಳುಪಿನ ಅಂತರ ಕಡಿಮೆ ಇರುವುದರಿಂದ ಡೆವಲಪ್ ಮಾಡುವಾಗ ಸ್ವಲ್ಪ ಹೆಚ್ಚು ಹೊತ್ತು ಬಿಡಿ. ಎಚ್‌ಪಿ5ಕ್ಕೆ ಐಡಿ-11 ಡೆವಲಪರ್, ಒಂದು ಪಾಲಿಗೆ ಒಂದು ಪಾಲು ನೀರು, 20 ಡಿಗ್ರಿಯಲ್ಲಿ 13 ನಿಮಿಷ. ಮಂಜಿನದಕ್ಕೆ 15ರಿಂದ 15½. ಬೇಸಿಗೆಯಲ್ಲಿ ಐಸ್ ಹಾಕಿ ಇಳಿಸಬೇಕಾದ ನೀರು ಈಗ ಬೆಳಿಗ್ಗೆ 20ಕ್ಕಿಂತ ಕೆಳಗೇ ಇರಬಹುದು. ಥರ್ಮಾಮೀಟರ್ ನೋಡದೆ ಸುರಿದರೆ ನೆಗೆಟಿವ್ ಮತ್ತೆ ತೆಳ್ಳಗಾದೀತು. ಬಾಟಲಿಯನ್ನು ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ನಿಲ್ಲಿಸಿ, 20ಕ್ಕೆ ಬಂದ ಮೇಲೆ ಶುರು ಮಾಡಿ.

ಜಾಗದ ವಿಷಯ: ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ನೇರ ಪೂರ್ವಕ್ಕಲ್ಲ, ಪೂರ್ವದಿಂದ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಸಿಡಿಲಿಗೆ ಸೀಳಿದ, ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗುಮ್ಮಟದ ಹಿಂದೆ ಬೆಳಕು ಬೇಕೆಂದರೆ ಹಿಂದಿನ ದಿನವೇ ದಿಕ್ಸೂಚಿ ಹಿಡಿದು ನಿಲ್ಲುವ ಜಾಗ ಗುರುತು ಮಾಡಿಕೊಳ್ಳಿ. ಸ್ಮಾರಕದ ಆವರಣದೊಳಗೆ ಟ್ರೈಪಾಡ್ ಇಡುವ ಮುಂಚೆ ಅನುಮತಿ ವಿಚಾರಿಸಿ. ಇನ್ನೊಂದು ಸಣ್ಣ ಸಂಗತಿ: ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾದಲ್ಲಿ ಬಾಯುಸಿರು ನೇರ ಫೈಂಡರಿನ ಭೂತಗನ್ನಡಿಗೆ ಬಡಿಯುತ್ತದೆ, ಗಾಜು ಮಬ್ಬಾಗುತ್ತದೆ. ಅದನ್ನೇ ಮಂಜೆಂದು ತಿಳಿದು ಫೋಕಸ್ ತಪ್ಪಿಸಿಕೊಳ್ಳುವವರಿದ್ದಾರೆ. ಮೂಗು-ಬಾಯಿಗೆ ಮಫ್ಲರ್ ಸುತ್ತಿ, ಫೋಕಸ್ ಮಾಡುವಷ್ಟು ಹೊತ್ತು ಉಸಿರು ಹಿಡಿಯಿರಿ.

ತೊಗರಿ ಹೊಲ ಮುಂದೆ, ದೂರದಲ್ಲಿ ಊರು. 80 ಎಂಎಂ ಲೆನ್ಸಿನ ಕಿಂಡಿಯನ್ನು ಎಫ್16ಕ್ಕೆ ಮುಚ್ಚಿ ಅನಂತಕ್ಕೆ ಫೋಕಸ್ ಇಟ್ಟೆ. ಮುಂದಿನ ಗಿಡಗಳೇ ಮಸುಕು.
– ಸೇಡಂ ಓದುಗರು

6×6 ಸೆಂ.ಮೀ. ಚೌಕಟ್ಟಿನಲ್ಲಿ 80 ಎಂಎಂ ಲೆನ್ಸನ್ನು ಎಫ್16ಕ್ಕಿಟ್ಟು ಅನಂತಕ್ಕೆ ತಿರುಗಿಸಿದರೆ ಚೂಪು ಶುರುವಾಗುವುದೇ ಎಂಟು ಮೀಟರ್ ಆಚೆಗೆ. ಅದೇ ಎಂಟು ಮೀಟರಿಗೆ ಫೋಕಸ್ ಇಟ್ಟರೆ ನಾಲ್ಕು ಮೀಟರಿನಿಂದ ದಿಗಂತದವರೆಗೆ ಸಿಗುತ್ತದೆ. ಎಫ್22ಕ್ಕೆ ಮುಚ್ಚಿ ಆರು ಮೀಟರಿಗೆ ಇಟ್ಟರೆ ಮೂರರಿಂದ. ದೊಡ್ಡ ಪ್ರಿಂಟ್ ಮಾಡಿಸುವುದಿದ್ದರೆ ಈ ಲೆಕ್ಕವನ್ನು ಪೂರ್ತಿ ನಂಬಬೇಡಿ. ಎಫ್16ರ ದೂರ ಹಿಡಿದು ಎಫ್22ರಲ್ಲಿ ತೆಗೆಯಿರಿ.

ಆದರೆ ನಿಮ್ಮ ಗಿಡ ಮಸುಕಾಗಿದ್ದು ಗಾಳಿಗೂ ಇರಬಹುದು. ಒಣಗಿ ಕಾಯಿ ತುಂಬಿದ ತೊಗರಿ ಚೂರು ಗಾಳಿಗೂ ತಲೆ ಆಡಿಸುತ್ತದೆ. ನೆಗೆಟಿವನ್ನು ಲೂಪ್ ಎಂಬ ಸಣ್ಣ ಭೂತಗನ್ನಡಿಯಲ್ಲಿ ನೋಡಿ: ಕಾಂಡದ ಬುಡ ಚೂಪಾಗಿದ್ದು ತುದಿ ಮಾತ್ರ ಎರಡೆರಡಾಗಿದ್ದರೆ ಅದು ಗಾಳಿ, ಬುಡವೂ ಮೆತ್ತಗಿದ್ದರೆ ಫೋಕಸ್. ಎಳ್ಳ ಅಮಾವಾಸ್ಯೆ ಹೊತ್ತಿಗೆ ಸೂರ್ಯ ಹುಟ್ಟಿದ ಮೊದಲ ಅರ್ಧ ಗಂಟೆ ಗಾಳಿ ಬಹುತೇಕ ನಿಂತಿರುತ್ತದೆ. ಆಗಿನ ಓರೆ ಬಿಸಿಲಿನಲ್ಲಿ 400ರ ಫಿಲ್ಮಿಗೆ ಎಫ್16, 1/125 ಹತ್ತಿರ ಬರುತ್ತದೆ. ಗಿಡ ನಿಲ್ಲಿಸಲು ಅಷ್ಟು ವೇಗ ಸಾಕು.

ಚಂದ್ರಂಪಳ್ಳಿ ಕೆರೆಯಲ್ಲಿ ನಸುಕಿಗೆ ಮೀಟರ್ 10 ಸೆಕೆಂಡ್ ಹೇಳಿತು, ಅಷ್ಟೇ ಕೊಟ್ಟೆ. ಚಿತ್ರ ಕಪ್ಪು.
– ಚಿಂಚೋಳಿ ಓದುಗರು

ಒಂದು ಸೆಕೆಂಡ್ ದಾಟಿದ ಮೇಲೆ ಫಿಲ್ಮಿಗೆ ಬೆಳಕು ಹೀರುವ ಶಕ್ತಿ ಕುಂದುತ್ತದೆ. ಎಚ್‌ಪಿ5ಕ್ಕೆ 4 ಸೆಕೆಂಡ್ ಎಂದರೆ 6, 10 ಎಂದರೆ 20 ಕೊಡಿ. ಎಫ್‌ಪಿ4ಕ್ಕೆ 10ರ ಬದಲು 18.

ಜನವರಿಯಲ್ಲಿ ಮಾಮಿಯಾ ಆರ್‌ಬಿ67 ತಗೊಂಡು ಗುಲ್ಮಾರ್ಗ್‌ಗೆ ಹೊರಟಿದ್ದೇನೆ. ಹಿಮ ನೋಡುವುದೇ ಮೊದಲ ಸಲ. ಏನು ಜಾಗ್ರತೆ?
– ಸುರಪುರ ಓದುಗರು

ಒಳ್ಳೆಯ ಆಯ್ಕೆ. ಆರ್‌ಬಿ67 ಪೂರ್ತಿ ಮೆಕ್ಯಾನಿಕಲ್, ಥಂಡಿಗೆ ಸಾಯಲು ಬ್ಯಾಟರಿಯೇ ಇಲ್ಲ. ಹಿಮಕ್ಕೆ ಮಂಜಿಗಿಂತ ಹೆಚ್ಚು ಬೆಳಕು ಕೊಡಬೇಕು: ಬಿಸಿಲಿನ ಹಿಮ ಅಳೆದರೆ ಒಂದೂವರೆಯಿಂದ ಎರಡು ಸ್ಟಾಪ್. ಒಣ ಥಂಡಿಯಲ್ಲಿ ಫಿಲ್ಮ್ ಪೆಡಸಾಗುತ್ತದೆ. ಜೋರಾಗಿ ತಿರುಗಿಸಿದರೆ ಒಳಗೇ ಸಣ್ಣ ವಿದ್ಯುತ್ ಕಿಡಿ ಹಾರಿ, ನೆಗೆಟಿವ್ ಮೇಲೆ ಮರದ ಕೊಂಬೆಯಂಥ ಗೆರೆ ಮೂಡುತ್ತದೆ. ನಿಧಾನಕ್ಕೆ, ಒಂದೇ ಸಮನೆ ತಿರುಗಿಸಿ.

ಫೈಂಡರಿಗೆ ಚಿತ್ರ ತೋರಿಸುವ ಒಳಗಿನ ಕನ್ನಡಿ ದೊಡ್ಡದು, ಎದ್ದಾಗ ಕ್ಯಾಮೆರಾ ಅದುರುತ್ತದೆ. ಲೆನ್ಸಿನ ಮೇಲಿನ ಗುಂಡಿಯನ್ನು ‘ಎಂ’ಗೆ ತಿರುಗಿಸಿ, ಬಾಡಿಯ ಬಟನ್ ಒತ್ತಿ ಕನ್ನಡಿ ಎತ್ತಿ, ಎರಡು ಸೆಕೆಂಡ್ ಬಿಟ್ಟು ಲೆನ್ಸಿನ ಕೇಬಲ್ ರಿಲೀಸ್ ಒತ್ತಿ.

ಹೋಟೆಲ್ ಕೋಣೆಯೊಳಗೆ ಕಾಲಿಡುವ ಮೊದಲು, ಹೊರಗೇ ಕ್ಯಾಮೆರಾವನ್ನು ಪಾಲಿಥಿನ್ ಚೀಲಕ್ಕೆ ಹಾಕಿ ಗಾಳಿ ಹಿಂಡಿ ಬಿಗಿಯಾಗಿ ಕಟ್ಟಿ. ಬೆವರುವುದು ಚೀಲ, ಲೆನ್ಸಲ್ಲ. ಎರಡು-ಮೂರು ಗಂಟೆ ಬಿಚ್ಚಬೇಡಿ. ವಿಮಾನದಲ್ಲಿ ಫಿಲ್ಮನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲಿಡಿ, ಕೈಯಿಂದಲೇ ತಪಾಸಣೆ ಮಾಡಲು ವಿನಯದಿಂದ ಕೇಳಿ. ವಿಮಾನ ನಿಲ್ದಾಣದ ಹೊಸ ಸಿಟಿ ಸ್ಕ್ಯಾನರಿನಲ್ಲಿ ಒಂದೇ ಸಲ ಹೋದರೂ ಫಿಲ್ಮ್ ಮಬ್ಬಾಗಬಹುದು.

ಆಕಾಶದಲ್ಲಿ ಫಿಲ್ಮಿನ ಹಿಂದಿನ ಕಾಗದದ ಅಂಕಿಗಳು ಮೂಡಿವೆ. ಫಿಲ್ಮ್ ಹಳೆಯದಲ್ಲ, ಫ್ರಿಜ್ಜಿನಲ್ಲೇ ಇಟ್ಟಿದ್ದೆ.
– ಕಲಬುರಗಿ ಓದುಗರು

ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಚ್ಚಿರಬೇಕು. ತಣ್ಣನೆಯ ಫಿಲ್ಮ್ ಮೇಲೆ ತೇವ ಕೂತು, ಕಾಗದದ ಮಸಿ ಎಮಲ್ಷನ್ನಿಗೆ (ಬೆಳಕು ಹಿಡಿಯುವ ಲೇಪಕ್ಕೆ) ಅಚ್ಚಾಗುತ್ತದೆ. ಬೇರೆಡೆ ಮುಚ್ಚಿಹೋಗುವ ಗುರುತು ಆಕಾಶದಂಥ ಬರಿದಾದ ಭಾಗದಲ್ಲಿ ಎದ್ದು ಕಾಣುತ್ತದೆ. ಪೊಟ್ಟಣ ಒಡೆಯದೆ ಎರಡು ಗಂಟೆ ಹೊರಗಿಡಿ, ಬೆಳಿಗ್ಗೆ ಹೊರಡುವುದಿದ್ದರೆ ರಾತ್ರಿಯೇ ತೆಗೆದಿಡಿ. ತೆಗೆದು ಮುಗಿದ ರೋಲನ್ನು ಕ್ಯಾಮೆರಾದಲ್ಲೇ ತಿಂಗಳುಗಟ್ಟಲೆ ಬಿಡದೆ ವಾರದೊಳಗೆ ತೊಳೆಯಿರಿ.