ರಾಷ್ಟ್ರಪತಿ ಸಹಿ ಹಾಕದೆ ಕುಳಿತರೆ?

‘ರಾಷ್ಟ್ರಪತಿ ಎಂದರೆ ಬರೀ ರಬ್ಬರ್ ಸ್ಟಾಂಪೇ? ಸಹಿ ಹಾಕದೆ ಕುಳಿತರೆ ಏನಾಗುತ್ತದೆ?’ ಎಂದು ಕೇಳಿದ್ದೀರಿ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಹೊತ್ತವನು ನಾನು. ಸಾಹೇಬರು ‘ಆಗುವುದಿಲ್ಲ’ ಎಂದು ಬರೆಯುವುದು ಅಪರೂಪ. ‘ಚರ್ಚಿಸಿ’ ಎಂದು ಶರಾ ಬರೆದು ವಾಪಸ್ ಕಳುಹಿಸುತ್ತಾರೆ, ಇಲ್ಲವೇ ಮೇಜಿನ ಮೇಲೆಯೇ ಇಟ್ಟುಕೊಳ್ಳುತ್ತಾರೆ. ಸಹಿಯ ವಿಷಯದಲ್ಲಿ ರಾಷ್ಟ್ರಪತಿಯ ಬಲವೂ ಹೆಚ್ಚುಕಡಿಮೆ ಇಷ್ಟೇ.

ನಮ್ಮವರದೇ ಒಂದು ಪ್ರಸಂಗ ಹೇಳುತ್ತೇನೆ. 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಬಿ.ಡಿ. ಜತ್ತಿ ಆಗ ಉಪರಾಷ್ಟ್ರಪತಿ. ಅವರೇ ಹಂಗಾಮಿ ರಾಷ್ಟ್ರಪತಿಯಾದರು. ಚುನಾವಣೆ ಗೆದ್ದು ಬಂದ ಜನತಾ ಸರ್ಕಾರ, ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿ ಎಂದಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಗದ್ದಲವೆದ್ದಿತು. ಕೊನೆಗೆ ಏಪ್ರಿಲ್ 30ರಂದು ಸಹಿ ಬಿತ್ತು. ಹಾಕಲೇಬೇಕಿದ್ದರೆ ತಡ ಮಾಡಿದ್ದೇಕೆ ಎಂದು ನೀವು ಕೇಳಬಹುದು. ಸಂಪುಟದ ಸಲಹೆಯಂತೆಯೇ ನಡೆಯಬೇಕೆಂದು ಸಂವಿಧಾನಕ್ಕೆ 1976ರಲ್ಲಿ ತಂದ 42ನೇ ತಿದ್ದುಪಡಿ ಕೈ ಕಟ್ಟಿತ್ತು. ‘ಇನ್ನೊಮ್ಮೆ ಯೋಚಿಸಿ’ ಎಂದು ಒಂದು ಬಾರಿ ಹಿಂದಿರುಗಿಸುವ ದಾರಿಯನ್ನು 44ನೇ ತಿದ್ದುಪಡಿ ತೆರೆದದ್ದು 1978ರಲ್ಲಿ. ಆ ಎರಡರ ನಡುವಿನ ಸಂದಿಯಲ್ಲಿ ಸಿಕ್ಕಿಬಿದ್ದವರು ಜತ್ತಿ. ಪಾಪ, ‘ಚರ್ಚಿಸಿ’ ಎಂದು ಬರೆಯುವುದಕ್ಕೂ ಅವರಿಗೆ ಜಾಗವಿರಲಿಲ್ಲ.

ಆ ದಾರಿಯನ್ನು ಚೆನ್ನಾಗಿ ಬಳಸಿದವರು ಕೆ.ಆರ್. ನಾರಾಯಣನ್. 1997ರಲ್ಲಿ ಗುಜ್ರಾಲ್ ಸಂಪುಟ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರಲು ಹೊರಟಾಗ ಶಿಫಾರಸನ್ನು ಮರಳಿಸಿದರು. ಅದನ್ನೇ ಮತ್ತೆ ಕಳುಹಿಸಿದ್ದರೆ ಅವರು ಒಪ್ಪಲೇಬೇಕಿತ್ತು. ಸರ್ಕಾರ ಕಳುಹಿಸಲಿಲ್ಲ. ದೇಶವೆಲ್ಲ ನೋಡುತ್ತಿರುವಾಗ ಎರಡನೆಯ ಸಲ ಕೇಳುವುದಕ್ಕೂ ಮುಖ ಬೇಕಲ್ಲ!

ಮಸೂದೆಗಳಿಗೆ ಇರುವುದು ಸಂವಿಧಾನದ 111ನೇ ವಿಧಿ. 2006ರಲ್ಲಿ ಲಾಭದಾಯಕ ಹುದ್ದೆಯ (ಸಂಸದರು ಯಾವ ಸರ್ಕಾರಿ ಹುದ್ದೆಗಳನ್ನು ಹೊಂದಿಯೂ ಸ್ಥಾನ ಉಳಿಸಿಕೊಳ್ಳಬಹುದು ಎಂಬ) ಮಸೂದೆಯನ್ನು ಕಲಾಂ ಹಿಂದಿರುಗಿಸಿದರು. ಸಂಸತ್ತು ಅದನ್ನು ಮತ್ತೆ ಅಂಗೀಕರಿಸಿತು, ಅವರು ಅಂಕಿತ ಹಾಕಿದರು. ಆದರೆ ಆ ವಿಧಿಯಲ್ಲಿ ಅಂಕಿತಕ್ಕೆ ಗಡುವೇ ಇಲ್ಲ. ಜೈಲ್ ಸಿಂಗ್ ಹಿಡಿದದ್ದು ಈ ಎಳೆಯನ್ನು. ಜನರ ಅಂಚೆಯನ್ನು ತಡೆಯುವ ಅಧಿಕಾರ ಸರ್ಕಾರಕ್ಕೆ ಕೊಡುವ ಮಸೂದೆ 1986ರಲ್ಲಿ ಎರಡೂ ಸದನಗಳನ್ನು ದಾಟಿ ಅವರ ಮೇಜಿಗೆ ಬಂತು. ಅವರು ಸಹಿ ಹಾಕಲಿಲ್ಲ, ತಿರಸ್ಕರಿಸಲಿಲ್ಲ, ಹಿಂದಿರುಗಿಸಲೂ ಇಲ್ಲ. ಮರುವರ್ಷ ಅಧಿಕಾರಾವಧಿ ಮುಗಿಸಿ ಹೊರಟಾಗಲೂ ಕಡತ ಅಲ್ಲಿಯೇ ಇತ್ತು. ಆ ಮಸೂದೆ ಕಾನೂನಾಗಲೇ ಇಲ್ಲ.