ಸ್ಲಾಟ್ ಮಷಿನ್ ಹ್ಯಾಂಡಲ್ ಅರ್ಧಕ್ಕೆ ಸಿಕ್ಕಿಕೊಂಡರೆ: ಸ್ಪ್ರೇಯೂ ಬೇಡ, ಪೌಡರ್ ಕೋಟಿಂಗೂ ಬೇಡ

ಕೆಜಿಎಫ್‌ನ ಹಳೇ ಬಂಗಲೆ ಸಾಮಾನಿನ ಜೊತೆ ಮಿಲ್ಸ್ ಕಂಪನಿಯ ಮೂರು ರೀಲಿನ ಸ್ಲಾಟ್ ಮಷಿನ್ (ನಾಣ್ಯ ಹಾಕಿ ಹ್ಯಾಂಡಲ್ ಎಳೆದರೆ ಚಿತ್ರದ ಚಕ್ರಗಳು, ಅಂದರೆ ರೀಲುಗಳು, ತಿರುಗಿ ನಿಲ್ಲುವ ಜೂಜಿನ ಯಂತ್ರ) ಸಿಕ್ಕಿದೆ, ಹ್ಯಾಂಡಲ್ ಅರ್ಧ ದಾರಿಯಲ್ಲಿ ನಿಂತಿದೆ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಸಾಕಾ, ಇಲ್ಲಾ ಪೂರ್ತಿ ಬಿಚ್ಚಿಸಿ ಪೌಡರ್ ಕೋಟಿಂಗ್ ಮಾಡಿಸಿ ಬೇಕರಿಯಲ್ಲಿ ಗಿರಾಕಿಗಳಿಗೆ ಇಡಬಹುದಾ ಅಂತ ಕೇಳಿದ್ದೀರಿ. ಮೊದಲು ಆ ಸ್ಪ್ರೇ ಡಬ್ಬಿ ಕೆಳಗಿಡಿ. ತುಮಕೂರಿನಲ್ಲಿ ನನ್ನ ಹತ್ತಿರ ಇರುವುದೂ ಮಿಲ್ಸ್, ಅಮೆರಿಕದ ಐದು ಸೆಂಟ್ ನಾಣ್ಯದ್ದು. ಬಂದಾಗ ಅದರ ಸ್ಥಿತಿಯೂ ನಿಮ್ಮದರ ಹಾಗೆಯೇ ಇತ್ತು. ಸ್ಪ್ರೇ ಹೊಡೆದೆ, ಸಲೀಸಾಗಿ ಓಡಿತು, ಆಮೇಲೆ ಮೊದಲಿಗಿಂತ ಬಿಗಿಯಾಗಿ ಕಚ್ಚಿಕೊಂಡಿತು. ಜಗ್ಗಿದ್ದಕ್ಕೆ ಒಳಗೆ, ಹ್ಯಾಂಡಲ್ ಅರ್ಧದಲ್ಲಿ ಹಿಂದಕ್ಕೆ ಹೋಗದಂತೆ ತಡೆಯುವ ಹಲ್ಲುಪಟ್ಟಿ, ಅಂದರೆ ರ‍್ಯಾಚೆಟ್ ಹಿಡಿಯುವ ಕೊಕ್ಕೆ ಮುರಿಯಿತು. ಇಡೀ ರಿಪೇರಿಯಲ್ಲಿ ದುಬಾರಿಯಾಗಿದ್ದು ಆ ಒಂದು ಕೊಕ್ಕೆಯೇ. ಯಾಕೆ ಹಾಗಾಯಿತು ಅನ್ನುವುದು ಗೊತ್ತಾದರೆ ಉಳಿದ ಕೆಲಸವೆಲ್ಲ ತಾನಾಗೇ ಅರ್ಥವಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹ್ಯಾಂಡಲ್ ಎಳೆದಾಗ ರೀಲು ತಿರುಗುವುದಿಲ್ಲ, ಸ್ಪ್ರಿಂಗುಗಳು ಬಿಗಿಯಾಗುತ್ತವೆ. ಎಳೆತದ ಕೊನೆಗೆ ಹಿಡಿತ ಬಿಟ್ಟುಕೊಂಡು ಕಿಕ್ಕರ್ ಎಂಬ ಭಾಗ ಮೂರೂ ರೀಲುಗಳನ್ನು ಒಟ್ಟಿಗೆ ನೂಕುತ್ತದೆ. ಅದೇ ಹೊತ್ತಿಗೆ ‘ಕ್ಲಾಕ್’ ಓಡಲು ಶುರುವಾಗುತ್ತದೆ. ಅದರಲ್ಲಿರುವುದು ಒಂದಕ್ಕೊಂದು ಕೂಡಿದ ಕೆಲವು ಹಲ್ಲುಚಕ್ರ, ತುದಿಯಲ್ಲಿ ಗಾಳಿಯ ತಡೆಯಿಂದ ವೇಗ ಇಳಿಸುವ ಪುಟ್ಟ ಫ್ಯಾನ್. ಚಕ್ರಗಳು ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಎಡದಿಂದ ಬಲಕ್ಕೆ ಒಂದೊಂದೇ ಸ್ಟಾಪ್ ಲಿವರನ್ನು ಬಿಡುತ್ತವೆ. ಲಿವರ್ ರೀಲಿನ ಹಲ್ಲುಗಳ ನಡುವಿನ ತೋಡಿಗೆ ಬಿದ್ದಾಗ ರೀಲು ಟಕ್ಕಂತ ನಿಲ್ಲುತ್ತದೆ. ಈ ಮಾದರಿಗಳಲ್ಲಿ ಸಾಮಾನ್ಯವಾಗಿ ರೀಲಿಗೆ 20 ನಿಲುಗಡೆ, ಮೂರು ರೀಲಿಗೆ ಒಟ್ಟು 8,000 ಜೋಡಣೆ. ಮೂರೂ ನಿಂತ ಮೇಲೆ ಫಿಂಗರ್ ಅನ್ನುವ ಕಡ್ಡಿಗಳು ರೀಲಿನ ತಟ್ಟೆಗಳನ್ನು ತಡವುತ್ತವೆ. ರಂಧ್ರ ಸಿಕ್ಕಲ್ಲಿ ಒಳಗೆ ಇಳಿದು, ಕೆಳಗೆ ನಾಣ್ಯ ಹಿಡಿದಿರುವ ಜಾರುತಟ್ಟೆಗಳನ್ನು, ಅಂದರೆ ಸ್ಲೈಡುಗಳನ್ನು, ಬಿಡಿಸಿ ನಾಣ್ಯ ಬೀಳಿಸುತ್ತವೆ. 19ನೇ ಶತಮಾನದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ ತನ್ನ ಲಿಬರ್ಟಿ ಬೆಲ್‌ನಲ್ಲಿ ತಂದ ಮೂರು ರೀಲಿನ ದಾರಿಯಲ್ಲೇ ಶಿಕಾಗೋದ ಮಿಲ್ಸ್ ನಾವೆಲ್ಟಿ ಕಂಪನಿಯೂ ನಡೆಯಿತು. ಕರೆಂಟಿಲ್ಲ, ಮೋಟಾರಿಲ್ಲ. ನಿಮ್ಮ ತೋಳಿನ ಬಲವೇ ಹಂಚಿಹೋಗಿ ಇಷ್ಟೆಲ್ಲ ಕೆಲಸ ಮಾಡುತ್ತದೆ.

ಈಗ ಸ್ಪ್ರೇ ವಿಷಯ. ಕ್ಲಾಕಿನಲ್ಲಿ ಒಂದು ಚಕ್ರದಿಂದ ಇನ್ನೊಂದಕ್ಕೆ ಹೋದ ಹಾಗೆ ವೇಗ ಹೆಚ್ಚುತ್ತದೆ, ಬಲ ಕಡಿಮೆಯಾಗುತ್ತದೆ. ಫ್ಯಾನಿನ ಶಾಫ್ಟಿಗೆ ಬರುವ ಹೊತ್ತಿಗೆ ಉಳಿದಿರುವ ಬಲ ಎಷ್ಟು ಕಮ್ಮಿಯೆಂದರೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ನಿಂತುಹೋಗುತ್ತದೆ. ಸ್ಪ್ರೇಯಲ್ಲಿರುವುದು ಬಹುಪಾಲು ಆರಿಹೋಗುವ ದ್ರಾವಕ, ಜೊತೆಗೆ ಸ್ವಲ್ಪ ತೆಳು ಎಣ್ಣೆ. ದಶಕಗಳಿಂದ ಒಣಗಿ ಕೂತಿದ್ದ ಗ್ರೀಸನ್ನು ಅದು ಕರಗಿಸುತ್ತದೆ ನಿಜ, ಆದರೆ ಹೊರಗೆ ತೆಗೆಯುವುದಿಲ್ಲ. ಕರಗಿದ ಕೊಳೆ ಸಂದಿಗಳಲ್ಲಿ ಹರಿದು, ಎಲ್ಲಿ ಜಾಗ ಅತಿ ಕಿರಿದೋ ಅಲ್ಲಿಗೆ, ಅಂದರೆ ಚಕ್ರಗಳ ಅಚ್ಚಿನ ತುದಿ ಕೂರುವ ಪಿವಟ್ ತೂತುಗಳಿಗೇ, ಎಳೆದುಕೊಂಡು ಹೋಗುತ್ತದೆ. ಒದ್ದೆ ಇರುವಷ್ಟು ದಿನ ಯಂತ್ರ ಹೊಸದರ ಹಾಗೆ ಓಡುತ್ತದೆ, ನಾವು ಮೋಸಹೋಗುವುದು ಅಲ್ಲೇ. ದ್ರಾವಕ ಆರಿದ ಮೇಲೆ ಉಳಿಯುವುದು ಹಲಸಿನ ಮೇಣದಂಥ ಅಂಟು. ಅದರ ಮೇಲೆ ನಮ್ಮ ಬಯಲುಸೀಮೆಯ ಧೂಳು ಕೂತರೆ ಪೇಸ್ಟ್ ತಯಾರು.

ಆಗ ಕ್ಲಾಕ್ ನಡುವೆಯೇ ನಿಲ್ಲುತ್ತದೆ. ಎರಡು ರೀಲು ನಿಂತು ಮೂರನೆಯದರ ಲಿವರ್ ಬೀಳದೇ ಉಳಿಯುತ್ತದೆ. ಸುತ್ತು ಮುಗಿದಿಲ್ಲವಾದ್ದರಿಂದ ಯಂತ್ರ ಮುಂದಿನ ಎಳೆತಕ್ಕೆ ದಾರಿ ಬಿಡುವುದಿಲ್ಲ. ಅದು ಕೆಟ್ಟಿದ್ದಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವುದು. ಉದ್ದನೆಯ ಹ್ಯಾಂಡಲ್ ನಿಮ್ಮ ಬಲವನ್ನು ಹಲವು ಪಟ್ಟು ಹೆಚ್ಚಿಸಿ ಬೆರಳುಗಾತ್ರದ ಕೊಕ್ಕೆಯ ಮೇಲೆ ಹೇರುತ್ತದೆ. ಆಗ ಮುರಿಯುವುದು ಕೊಕ್ಕೆ, ಹಲ್ಲು ಇಲ್ಲವೇ ಲಿವರ್. ನನ್ನ ಕೊಕ್ಕೆಯನ್ನು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಲ್ಲಿ ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿ, ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಕೂರಿಸಬೇಕಾಯಿತು. ಹಲ್ಲಿನ ಕೋನ ಚೂರು ತಪ್ಪಿದರೂ ಅದು ಜಾರುತ್ತದೆ.

ನಿಮ್ಮದು ನಿಜವಾಗಿಯೂ ಜಾಮ್ ಆಗಿದೆಯಾ ಅಂತ ಮೊದಲು ನೋಡಿ. ಈ ಯಂತ್ರಗಳಲ್ಲಿ ನಾಣ್ಯ ಹಾಕದಿದ್ದರೆ ಹ್ಯಾಂಡಲ್ ಸ್ವಲ್ಪ ಬಂದು ನಿಲ್ಲುತ್ತದೆ, ಅದು ಬೀಗ. ಎಷ್ಟೋ ಜನ ಇದನ್ನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಡುವೆ ನಿಂತು ಹಿಂದಕ್ಕೂ ಹೋಗದಿದ್ದರೆ ಅದು ರ‍್ಯಾಚೆಟ್. ಆಟಗಾರ ಅರ್ಧ ಎಳೆದು ಮೋಸ ಮಾಡದಿರಲಿ ಅಂತ ಇಟ್ಟದ್ದು. ಎರಡರಲ್ಲೂ ಬಲ ಹಾಕಬೇಡಿ. ಹಿಂಬಾಗಿಲು ತೆರೆದು, ಟಾರ್ಚ್ ಬಿಟ್ಟು ಕ್ಲಾಕಿನ ಫ್ಯಾನ್ ಹುಡುಕಿ, ಪೆನ್ಸಿಲಿನ ಹಿಂತುದಿಯಿಂದ ಮೆಲ್ಲಗೆ ತಿರುಗಿಸಿ. ಬಹಳ ಸಲ ಅರ್ಧ ಉಳಿದ ಸುತ್ತು ಅಷ್ಟಕ್ಕೇ ಮುಗಿದು ಎಲ್ಲ ಬಿಡುಗಡೆಯಾಗುತ್ತದೆ. ಫ್ಯಾನ್ ಸರಾಗವಾಗಿದ್ದೂ ಹ್ಯಾಂಡಲ್ ಸಿಕ್ಕಿದ್ದರೆ ನಾಣ್ಯದ ದಾರಿಯಲ್ಲಿ ಡೊಂಕಾದ ಬಿಲ್ಲೆಯೊಂದು ಕೂತಿರಬಹುದು. ಒಳಗೆ ಬೆರಳು ಮಾತ್ರ ಹಾಕಬೇಡಿ. ಬಿಗಿದ ಸ್ಪ್ರಿಂಗ್ ಬಿಟ್ಟುಕೊಂಡರೆ ಎಲುಬಿಗೇ ಪೆಟ್ಟು.

ಸ್ಪ್ರಿಂಗುಗಳು ಸಡಿಲಾದ ಮೇಲೆಯೇ ಯಂತ್ರಭಾಗವನ್ನು ಹೊರಗೆ ತೆಗೆಯಿರಿ. ಹಿಡಿತ ಬಿಡಿಸಿದರೆ ಅದು ಇಡಿಯಾಗಿ ಹಿಂದಕ್ಕೆ ಜಾರಿ ಬರುತ್ತದೆ, ಹ್ಯಾಂಡಲ್ ಭಾಗ ಪೆಟ್ಟಿಗೆಯ ಪಕ್ಕದಲ್ಲೇ ಉಳಿಯುತ್ತದೆ. ಪೂರ್ತಿ ಮಷಿನ್ 35ರಿಂದ 45 ಕೆಜಿ ಇರುವುದರಿಂದ ಇಬ್ಬರಿಲ್ಲದೆ ಮೇಜಿನ ಮೇಲೆ ಎತ್ತಬೇಡಿ. ಇಲ್ಲಿ ನನ್ನ ಖಡಾಖಂಡಿತ ಅಭಿಪ್ರಾಯ: ಪೂರ್ತಿ ಬಿಚ್ಚಬೇಡಿ. ಕ್ಲಾಕ್, ರೀಲುಗಳ ಕಟ್ಟು, ನಾಣ್ಯದ ಕೊಳವೆ ಮತ್ತು ಸ್ಲೈಡುಗಳು, ಈ ಮೂರು ಹೊರಬಂದರೆ ಸಾಕು. ಪ್ರತಿ ಸ್ಪ್ರಿಂಗನ್ನು ಬಿಚ್ಚುವ ಮೊದಲು ಎರಡು ದಿಕ್ಕಿನಿಂದ ಫೋಟೊ ತೆಗೆಯಿರಿ, ಬಿಚ್ಚಿದ್ದನ್ನು ಹೆಸರು ಬರೆದ ಪುಟ್ಟ ಕವರಿಗೆ ಹಾಕಿ. ನೋಡಲು ಒಂದೇ ಥರ ಇರುವ ಎರಡು ಸ್ಪ್ರಿಂಗುಗಳ ಎಳೆತ ಬೇರೆ ಬೇರೆ ಇರುತ್ತದೆ. ಅದಲುಬದಲಾದರೆ ಒಂದು ರೀಲು ತಡವಾಗಿ ನಿಲ್ಲುತ್ತದೆ, ಕಾರಣ ಮಾತ್ರ ಸಿಗುವುದಿಲ್ಲ. ಸಡಿಲಾದ ಸ್ಪ್ರಿಂಗನ್ನು ಕತ್ತರಿಸಿ ಬಿಗಿ ಮಾಡುವ ಉಪಾಯವೂ ಬೇಡ. ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಎಣಿಕೆ ಮೂರನ್ನೂ ಅಳೆದು ಅಂಥದ್ದೇ ಮಾಡಿಸಿ. ನಿಮ್ಮ ಕೆಜಿಎಫ್‌ನಲ್ಲಿ ಬಿಇಎಂಎಲ್‌ನಿಂದ ನಿವೃತ್ತರಾದ ಫಿಟ್ಟರ್, ಟರ್ನರ್‌ಗಳಿಗೇನು ಬರವೇ? ಅಂಥವರಿಗೆ ಮಾದರಿ ತುಂಡು ಕೊಟ್ಟರೆ ಸಾಕು.

ತೊಳೆಯಲು ಸೀಮೆಎಣ್ಣೆ ಒಳ್ಳೆಯದು, ಈಗ ಸಲೀಸಾಗಿ ಸಿಗುವುದಿಲ್ಲ. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ 3 ಲೀಟರ್ ತನ್ನಿ. ಮೊದಲ ತೊಳೆತಕ್ಕೆ 2 ಲೀಟರ್, ಕೊನೆಯ ಸಲಕ್ಕೆ ಶುದ್ಧವಾದ 1 ಲೀಟರ್. ಪೆಟ್ರೋಲ್ ಬೇಡವೇ ಬೇಡ, ಅದರ ಆವಿ ಎಲ್ಲೋ ಇರುವ ಕಿಡಿಗೂ ಹತ್ತಿಕೊಳ್ಳುತ್ತದೆ. ಟರ್ಪೆಂಟೈನ್ ಕೆಲಸವನ್ನೂ ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ, ಕೈಗವಸು ಹಾಕಿಕೊಂಡೇ ಮಾಡಿ. ಹಳೇ ಹಲ್ಲುಜ್ಜುವ ಬ್ರಷ್ಷು, ಗಟ್ಟಿ ಕೊಳೆಗೆ ಹಿತ್ತಾಳೆ ತಂತಿಯ ಬ್ರಷ್ಷು ಸಾಕು. ತುಕ್ಕಿಗೆ ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವುಲ್ ಅನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ. ಎಮರಿ ಪೇಪರ್ ಹಾಕಿದರೆ ಉಜ್ಜಾಡುವ ಮೈಗಳ ಅಳತೆಯೇ ಕೆಡುತ್ತದೆ. ತೊಳೆದದ್ದನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಪೂರ್ತಿ ಆರಿಸಿ. ಕೊಳೆಯಾದ ಟರ್ಪೆಂಟೈನನ್ನು ಚರಂಡಿಗೆ ಸುರಿಯಬೇಡಿ, ರಾತ್ರಿಯಿಡೀ ಬಿಟ್ಟರೆ ಮಡ್ಡಿ ತಳಕ್ಕಿಳಿದು ಮೇಲಿನದು ಮತ್ತೆ ಬಳಕೆಗೆ ಬರುತ್ತದೆ.

ಕ್ಲಾಕನ್ನು ಮಾತ್ರ ಎರಡು ಸಲ, ಹೊಸ ದ್ರಾವಕದಲ್ಲಿ ತೊಳೆಯಿರಿ. ಚೂಪು ಮಾಡಿದ ಹಲ್ಲುಕಡ್ಡಿಯನ್ನು ಪ್ರತಿ ಪಿವಟ್ ತೂತಿನಲ್ಲಿ ತಿರುಗಿಸಿ. ಕಡ್ಡಿ ಕಪ್ಪಾಗದೆ ಹೊರಬರುವವರೆಗೂ ಬಿಡಬೇಡಿ. ಆಮೇಲೆ ಪ್ರತಿ ಪಿವಟ್ಟಿಗೆ ಗಡಿಯಾರದ ಎಣ್ಣೆ, ಸೂಜಿಮೊನೆಯಲ್ಲಿ ನಿಲ್ಲುವಷ್ಟು. ಹಲ್ಲುಗಳಿಗೆ ಒಂದು ತೊಟ್ಟೂ ಬೇಡ. ಗಡಿಯಾರ ರಿಪೇರಿಯವರು ಚಕ್ರದ ಹಲ್ಲಿಗೆ ಎಣ್ಣೆ ಹಾಕದಿರುವುದು ಇದೇ ಕಾರಣಕ್ಕೆ: ಅಲ್ಲಿ ಎಣ್ಣೆ ಧೂಳನ್ನು ಹಿಡಿದು ಹಲ್ಲನ್ನೇ ಸವೆಸುತ್ತದೆ. ತಿರುಗಿಸಿ ಬಿಟ್ಟಾಗ ಫ್ಯಾನ್ ಜರ್ಕ್ ಹೊಡೆಯದೆ ತಾನಾಗಿ ನಿಧಾನಗೊಂಡು ನಿಲ್ಲಬೇಕು. ಪಿವಟ್ ತೂತು ಸವೆದು ಮೊಟ್ಟೆಯಾಕಾರವಾಗಿದ್ದರೆ ಅದಕ್ಕೆ ಬುಷ್, ಅಂದರೆ ಲೋಹದ ಪುಟ್ಟ ಬಳೆ, ಹಾಕಿಸಬೇಕು. ಅದು ವಾಚಿನವರ ಕೈಕೆಲಸ, ಲೇತಿನವರದ್ದಲ್ಲ. ತುಮಕೂರು ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು. ಅಲ್ಲಿ ಕೆಲಸ ಮಾಡಿದವರನ್ನು ಹುಡುಕಿ ತೋರಿಸುವುದು, ಕೋಲಾರದಿಂದ ಬಂದರೂ, ಬಸ್ ಚಾರ್ಜಿಗೆ ಮೋಸವಿಲ್ಲದ ಕೆಲಸ.

ಉಳಿದ ಕೀಲುಗಳಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಗ್ರೀಸ್ ಬೇಕಿರುವುದು ಹ್ಯಾಂಡಲಿನ ಹಲ್ಲುಗಳಿಗೆ, ತಿರುಗುತ್ತಾ ಲಿವರುಗಳನ್ನು ಸರಿಸುವ ದೊಡ್ಡ ಕ್ಯಾಮ್‌ಗಳಿಗೆ ಮಾತ್ರ, ಅದೂ ತೆಳುವಾಗಿ. ನಾಣ್ಯ ಮುಟ್ಟುವ ಯಾವ ಜಾಗಕ್ಕೂ, ಸ್ಲೈಡಿಗೂ, ಕೊಳವೆಗೂ ಎಣ್ಣೆ ಸೋಕಬಾರದು. ನಾಣ್ಯಕ್ಕೆ ನಾಣ್ಯ ಅಂಟಿ ಅಲ್ಲೇ ಜಾಮ್ ಆಗುತ್ತದೆ.

ರೀಲಿನ ಮೇಲಿರುವುದು ಕಾಗದದ ಪಟ್ಟಿಯಾಗಿದ್ದರೆ ಅದಕ್ಕೆ ನೀರೂ ಬೇಡ, ಟರ್ಪೆಂಟೈನೂ ಬೇಡ. ಮೆತ್ತನೆಯ ಒಣ ಬ್ರಷ್ಷಿನಲ್ಲಿ ಧೂಳು ತೆಗೆದು ನಿಲ್ಲಿಸಿ. ಚೆರ್ರಿ, ಕಿತ್ತಳೆ, ಪ್ಲಮ್, ಗಂಟೆ, ಬಾರ್ ಚಿತ್ರಗಳು ಮಾಸಿದ್ದರೆ ಮಾಸಿರಲಿ. ಬದಲಿಸಲೇಬೇಕಾದಷ್ಟು ಹರಿದಿದ್ದರೆ ಮೊದಲು ಸ್ಕೇಲ್ ಪಕ್ಕದಲ್ಲಿಟ್ಟು ಸ್ಕ್ಯಾನ್ ಮಾಡಿ, ಪಟ್ಟಿ ಶುರುವಾಗುವ ಜಾಗವನ್ನು ತಟ್ಟೆಯ ಮೇಲೆ ಗುರುತು ಹಾಕಿ. ಗೆಲುವನ್ನು ತೀರ್ಮಾನಿಸುವುದು ತಟ್ಟೆಯ ರಂಧ್ರ, ಚಿತ್ರವಲ್ಲ. ಹೊಸ ಪಟ್ಟಿ ಒಂದು ಮನೆಯಷ್ಟು ಸರಿದು ಅಂಟಿದರೂ ಕಿಟಕಿಯಲ್ಲಿ ಮೂರೂ ರೀಲಿನಲ್ಲಿ ಗಂಟೆಯ ಚಿತ್ರ ಕಾಣಿಸುತ್ತದೆ, ನಾಣ್ಯ ಬೀಳುವುದಿಲ್ಲ.

ಹೊರಮೈಗೆ ಪೌಡರ್ ಕೋಟಿಂಗ್ ಬೇಡ ಅನ್ನುವುದಕ್ಕೆ ಕಾರಣ ಹಳೆಯದರ ಮೇಲಿನ ಮೋಹ ಮಾತ್ರವಲ್ಲ. ಕೋಟಿಂಗಿಗೆ ಮುಂಚೆ ಅಂಗಡಿಯವರು ಮರಳು ಹೊಡೆಯುತ್ತಾರೆ ಇಲ್ಲವೇ ಕಾಸ್ಟಿಕ್ ಸೋಡಾದಲ್ಲಿ ಅದ್ದುತ್ತಾರೆ. ಮಿಲ್ಸ್ ಮುಂಭಾಗ ಅಲ್ಯೂಮಿನಿಯಂ ಎರಕವಾಗಿದ್ದರೆ ಕಾಸ್ಟಿಕ್ ಅದನ್ನೇ ತಿನ್ನುತ್ತದೆ, ಮರಳು ಎರಕದ ಸೂಕ್ಷ್ಮ ಗೆರೆಗಳನ್ನು ಅಳಿಸುತ್ತದೆ. ಆಮೇಲೆ 180ರಿಂದ 200 ಡಿಗ್ರಿಯಲ್ಲಿ ಬೇಯಿಸುವ ಆ ದಪ್ಪ ಪದರ ಉಳಿದ ಗೆರೆಗಳನ್ನೂ ಮುಚ್ಚುತ್ತದೆ. ಮೂಲ ಬಣ್ಣ ಹೋದ ಯಂತ್ರವನ್ನು ತಿಳಿದವರು ಕಡಿಮೆ ಬೆಲೆಗೆ ಕೇಳುತ್ತಾರೆ. ಒದ್ದೆ ಬಟ್ಟೆಯಲ್ಲಿ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಒಣಗಿದ ಮೇಲೆ ಮೇಣದ ಪಾಲಿಶ್, ಅಷ್ಟೇ. ಹುಣಸೆಹಣ್ಣು, ನಿಂಬೆಹುಳಿ ಹಿತ್ತಾಳೆಗೆ ಸರಿ, ಅಲ್ಯೂಮಿನಿಯಂಗೆ ಕಲೆ ಬೀಳಿಸುತ್ತವೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣದಾಗಿ ಉಜ್ಜಿ ಪುಡಿ ಎಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ. ಮರದ ಪೆಟ್ಟಿಗೆಯ ತಳವನ್ನು ಗೆದ್ದಲಿಗಾಗಿ ನೋಡಿ, ಮೈಗೆ ಪಿಯು (ಪಾಲಿಯುರಿಥೇನ್) ಬದಲು ಅರಗಿನ ಫ್ರೆಂಚ್ ಪಾಲಿಶ್ ಹಾಕಿಸಿ.

ಬೇಕರಿಯ ವಿಚಾರಕ್ಕೆ ನನ್ನ ಉತ್ತರ ಇಡಬೇಡಿ ಅಂತಲೇ. ಜೂಜಿನ ಅಡ್ಡೆ ನಡೆಸುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರಡಿ ಅಪರಾಧ. ಗಿರಾಕಿ ದುಡ್ಡು ಹಾಕಿ ದುಡ್ಡು ಗೆಲ್ಲುವ ಯಂತ್ರವನ್ನು ಅಂಗಡಿಯಲ್ಲಿಟ್ಟು ಒಂದು ರೂಪಾಯಿ ಆಟ ತಾನೇ ಅಂದರೆ ಯಾರೂ ಒಪ್ಪುವುದಿಲ್ಲ. ಅದೂ ಅಲ್ಲದೆ ನಮ್ಮ ರೂಪಾಯಿ ಇದಕ್ಕೆ ಒಗ್ಗುವುದೂ ಇಲ್ಲ. ಐದು ಸೆಂಟ್ ನಾಣ್ಯದ ಅಗಲ 21.21 ಮಿ.ಮೀ., ದಪ್ಪ 1.95 ಮಿ.ಮೀ. ನಮ್ಮ 2011ರ ಸರಣಿಯ ಒಂದು ರೂಪಾಯಿ 22 ಮಿ.ಮೀ., ಅದು ತೂರುವುದೇ ಇಲ್ಲ. 2019ರ ಸರಣಿಯದು 20 ಮಿ.ಮೀ., ತೂರುತ್ತದೆ, ಆದರೆ ತೆಳು. ಒಂದು ನಾಣ್ಯದ ದಪ್ಪಕ್ಕೆ ಮಾಡಿದ ಸ್ಲೈಡಿನಲ್ಲಿ ತೆಳು ನಾಣ್ಯ ಬಿದ್ದರೆ ಮೇಲಿನದರ ಅಂಚೂ ಒಳಗೆ ಇಳಿದು ಬೆಣೆಯಾಗಿ ಕಚ್ಚಿಕೊಳ್ಳುತ್ತದೆ. ಎರಡೂ ಸ್ಟೀಲಿನವು, ಆಯಸ್ಕಾಂತಕ್ಕೆ ಅಂಟುತ್ತವೆ. ಕಬ್ಬಿಣದ ಬಿಲ್ಲೆ ಹಿಡಿಯಲು ಆಯಸ್ಕಾಂತ ಇಟ್ಟ ಮಾದರಿಯಾದರೆ ದಾರಿಯಲ್ಲೇ ನಿಲ್ಲುತ್ತವೆ. ಮನೆಯಲ್ಲಿ ಆಡಿಸಿ ನೋಡಲು ನಿಮ್ಮ ಮಷಿನ್ ಯಾವ ನಾಣ್ಯದ್ದೋ ಅದನ್ನೇ ನಾಣ್ಯ ಮಾರುವವರ ಹತ್ತಿರ ಕೊಳ್ಳಿ, ಇಲ್ಲವೇ ಅದೇ ಅಳತೆಗೆ ಹಿತ್ತಾಳೆ ಬಿಲ್ಲೆ ಮಾಡಿಸಿ. ಬಿಲ್ಲೆಯ ಅಂಚಿನಲ್ಲಿ ಎದ್ದ ಚೂಪು ಚೂರುಗಳನ್ನು ಉಜ್ಜಿ ತೆಗೆಸಲು ಮರೆಯಬೇಡಿ.

ಜೋಡಿಸಿದ ಮೇಲೆ ಯಂತ್ರಭಾಗವನ್ನು ಪೆಟ್ಟಿಗೆಗೆ ತುರುಕುವ ಮೊದಲು ಮೇಜಿನ ಮೇಲೆಯೇ, ಕೈ ದೂರ ಇಟ್ಟುಕೊಂಡು, ಹಲವು ಸುತ್ತು ಓಡಿಸಿ. ಟಕ್, ಟಕ್, ಟಕ್ ಮೂರು ಸದ್ದಿನ ನಡುವಿನ ಅಂತರ ಸಮನಾಗಿರಬೇಕು. ಮೂರನೆಯದು ಮಾತ್ರ ತಡವಾದರೆ ಕ್ಲಾಕಿನಲ್ಲಿ ಇನ್ನೂ ಕೊಳೆ ಇದೆ. ಯಾವುದೋ ಒಂದು ರೀಲು ನಿಂತ ಮೇಲೂ ಅಲ್ಲಾಡಿದರೆ ಅದರ ಸ್ಟಾಪ್ ಲಿವರಿನ ಸ್ಪ್ರಿಂಗ್ ಸಡಿಲ. ಮೂರೂ ಸರಿಯಿದ್ದು ನಾಣ್ಯ ಬೀಳದಿದ್ದರೆ ಕೊಳವೆ ತುಂಬಿದೆಯಾ ನೋಡಿ, ಆಮೇಲೆ ಫಿಂಗರ್‌ಗಳು ಪೂರ್ತಿ ಇಳಿಯುತ್ತಿವೆಯಾ ನೋಡಿ. ಸದ್ಯಕ್ಕೆ ಹಿಂಬಾಗಿಲು ತೆರೆದು ಫ್ಯಾನ್ ತಿರುಗುತ್ತದೆಯಾ, ನಾಣ್ಯದ ತೂತಿನ ಅಗಲ ಎಷ್ಟಿದೆ ಅಂತ ಬರೆಯಿರಿ. ಅಲ್ಲಿಯವರೆಗೆ ಹ್ಯಾಂಡಲ್ ಮುಟ್ಟಬೇಡಿ.